ನೂರಾ ಹತ್ತೊಂಬತ್ತು ಜೋಡಿ

ವಿದ್ಯಾಗಿರಿ, ಬಾಗಲಕೋಟೆ
10 ನವೆಂಬರ್ 2024

ಅಪ್ಪಾ, ಶರಣು.

ದೀಪಾವಳಿಗೆ ಬಂದಾಗ ನಾವಿಬ್ಬರೂ ಹತ್ತು ನಿಮಿಷ ಮಾತಾಡಿ ಇಪ್ಪತ್ತು ನಿಮಿಷ ಜಗಳವಾಡಿದೆವು. ಅದಕ್ಕೆ ಅವ್ವ ನನ್ನನ್ನು ಬಸ್ಸಿಗೆ ಹತ್ತಿಸುವಾಗ ಕಟ್ಟಪ್ಪಣೆ ಮಾಡಿದಳು: "ನಿಮ್ಮಿಬ್ಬರದೂ ಬಾಯಿಗೆ ಬಾಯಿ ಹತ್ತಿದ್ರ ಮುಗೀತು. ಇನ್ನ ಮ್ಯಾಲ ಏನಿದ್ರೂ ಕಾಗದದಾಗ ಬರ್ಕೋರಿ." ಹೇಗೂ ಗೋಡೆಯಾಚೆ ಅಶ್ಫಾಕಣ್ಣನ ಪವರ್‌ಲೂಮುಗಳು ನಡೆದಿರುವಾಗ ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳುವುದಿಲ್ಲ.

ಮಂದಿಯ ತಲೆಗೆ ತಂತಿ ಕಟ್ಟುವುದು ಎಂಥ ಕೆಲಸ ಎಂದು ಕೇಳಿದಿರಿ. ಹೇಳುತ್ತೇನೆ, ಕೇಳಿ. ಅಶ್ಫಾಕಣ್ಣನ ಆ ಗದ್ದಲ ದಿನವಿಡೀ ಇದ್ದರೂ ನಿಮಗೆ ಅದರ ಪರಿವೆಯೇ ಇರುವುದಿಲ್ಲ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಮಿದುಳು ಅದನ್ನು ಜರಡಿ ಹಿಡಿದು ಹೊರಗಿಡುತ್ತದೆ. ಎಷ್ಟು ಹೊರಗಿಡುತ್ತದೆ ಎಂದು ಅಳೆಯುವುದೇ ನನ್ನ ಪಿಎಚ್‌ಡಿ. ತಲೆಗೆ ತಂತಿಯ ಟೊಪ್ಪಿಗೆ, ಕಿವಿಗೆ ಹೆಡ್‌ಫೋನ್. ಅದರಲ್ಲಿ ಟಕ್, ಅರ್ಧ ಸೆಕೆಂಡ್ ಬಿಟ್ಟು ಇನ್ನೊಂದು ಟಕ್. ಮೊದಲನೆಯದಕ್ಕೆ ಮಿದುಳಿನ ಅಲೆ ದೊಡ್ಡದಾಗಿ ಏಳುತ್ತದೆ, ಎರಡನೆಯದಕ್ಕೆ ಸಣ್ಣದಾಗಿ. ಎಂಟು ಸೆಕೆಂಡ್ ಬಿಟ್ಟು ಮತ್ತೆ ಒಂದು ಜೋಡಿ. ಹೀಗೆ ನೂರಾ ಇಪ್ಪತ್ತು ಜೋಡಿ.

ಶಿರೂರಿನ ಹದಿನಾಲ್ಕು ಜನ ರೈತರ ಅಳತೆ ಮುಗಿದಿದೆ. ಈಗ ಮೂವತ್ತು ವರ್ಷಕ್ಕೂ ಹೆಚ್ಚು ಮಗ್ಗದಲ್ಲಿ ಕೂತ ಹದಿನಾಲ್ಕು ಜನ ನೇಕಾರರು ಬೇಕು. ನೀವು ಹೇಳಿದರೆ ಬರುತ್ತಾರೆ, ನಾನು ಹೇಳಿದರೆ ನಗುತ್ತಾರೆ. ಏನೂ ಮಾಡುವುದಿಲ್ಲ, ಸುಮ್ಮನೆ ಕುಳಿತರೆ ಸಾಕು. ಕೇಳುತ್ತೀರಾ?

ನಿಮ್ಮ ಮಗಳು,
ಪ್ರಿಯದರ್ಶಿನಿ

*

ಇಳಕಲ್ಲ
19 ನವೆಂಬರ್ 2024

ಚಿ. ಪ್ರಿಯಾಳಿಗೆ ಅಪ್ಪನ ಹರಕೆ.

ಕಾಗದ ಮುಟ್ಟಿತು. ನಿನ್ನ ಅವ್ವ ಗಟ್ಟಿಯಾಗಿ ಓದಿಸಿಕೊಂಡು, "ಸುಮ್ಮನ ಕುಂದರಾಕ ಹದಿನಾಕ ಮಂದಿ ಯಾಕ ಬೇಕ? ನಿಮ್ಮಪ್ಪ ಒಬ್ಬನ ಸಾಕಲ್ಲ" ಎಂದಳು. ನಾನು ಕಾಗದ ಮಡಚಿ ಜೇಬಿಗಿಟ್ಟೆ. ಜಗಳ ಮಾಡಬಾರದೆಂಬ ವ್ರತ ನಿನ್ನ ಜೊತೆ ಮಾತ್ರವೋ, ಅವಳ ಜೊತೆಗೂ ಉಂಟೋ ಎಂದು ಇನ್ನೂ ತಿಳಿದಿಲ್ಲ.

ಜನ ಸಿಕ್ಕಿದ್ದಾರೆ. ನಾನು, ನನ್ನ ಜೊತೆ ಮಗ್ಗ ಕಲಿತ ಹುಚ್ಚೇಶ, ಹಿಂದಿನ ಓಣಿಯ ಶೇಖವ್ವ, ಗುಡೂರಿನಿಂದ ಜಾಫರಸಾಬ, ಉಳಿದವರನ್ನು ನೀನು ನೋಡಿದರೆ ಗುರುತು ಹಿಡಿಯುತ್ತೀ. ಹುಚ್ಚೇಶ ಮೊದಲು ಹೆದರಿದ. "ಏ ಅಂದಾನಿ, ತಲ್ಯಾಗ ಏನೂ ಇಲ್ಲಂತ ಮಿಷಿನ್ನಿಗೆ ಗೊತ್ತಾದ್ರ ಏನ್ ಮಾಡೂದಲೇ?" ಎಂದ. ನಲವತ್ತು ವರ್ಷದಿಂದ ನಮಗೆಲ್ಲ ಗೊತ್ತಿದೆ, ಮಷೀನಿಗೂ ಗೊತ್ತಾಗಲಿ ಬಾ ಎಂದೆ.

ಡಿಸೆಂಬರ್ ಮೊದಲ ವಾರ ಎರಡು ಸರದಿಯಲ್ಲಿ ಬರುತ್ತೇವೆ. ಶಿರೂರಿನವರ ಮುಂದೆ ನಾವು ಕಡಿಮೆ ಬೀಳುವುದಿಲ್ಲ. ಆ ಹೊಣೆ ನನಗಿರಲಿ.

ನಿನ್ನ ಅಪ್ಪ,
ಅಂದಾನಪ್ಪ

*

ವಿದ್ಯಾಗಿರಿ
22 ಡಿಸೆಂಬರ್ 2024

ಅಪ್ಪಾ,

ಎಲ್ಲಿಂದ ಶುರು ಮಾಡಲಿ! ನೀವೆಲ್ಲ ಬಂದು ಹೋದ ಮೇಲೆ ಎರಡು ವಾರ ಕಂಪ್ಯೂಟರಿನ ಮುಂದೆಯೇ ಕೂತಿದ್ದೆ. ಹುಚ್ಚೇಶ ಕಾಕಾ ತಂದುಕೊಟ್ಟ ಅಮೀನಗಡದ ಕರದಂಟೇ ನನ್ನ ಮಧ್ಯಾಹ್ನದ ಊಟವಾಗಿತ್ತು. ಈಗ ಹೇಳುತ್ತೇನೆ, ಕುಳಿತು ಓದಿ.

ರೈತರಲ್ಲಿ ಎರಡನೆಯ ಟಕ್ಕಿಗೆ ಅಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಿಮ್ಮಲ್ಲಿ ಇಳಿಯುವುದೇ ಇಲ್ಲ! ಹದಿನಾಲ್ಕು ಜನರಲ್ಲೂ ಎರಡನೆಯ ಅಲೆ ಹೆಚ್ಚುಕಡಿಮೆ ಮೊದಲನೆಯದರಷ್ಟೇ ಎತ್ತರ. ಮಗ್ಗದಲ್ಲಿ ಪ್ರತಿಯೊಂದು ಏಟೂ ಮುಖ್ಯವಾದ್ದರಿಂದ ನೇಕಾರರ ಮಿದುಳು ಮರುಕಳಿಸುವ ಸದ್ದನ್ನು ಬಿಟ್ಟುಕೊಡುವುದಿಲ್ಲ ಎಂದು ನನ್ನ ವಾದ. ನಮ್ಮ ಗೈಡ್ ಶೈಲಾ ಮೇಡಂ ಹೊಗಳುವವರ ಪೈಕಿಯಲ್ಲ. ಅವರೇ ಅಲೆಗಳ ನಕ್ಷೆ ನೋಡಿ ಎದ್ದು ನಿಂತರು. ಫೆಬ್ರವರಿಯಲ್ಲಿ ಹೈದರಾಬಾದಿನ ಸಮ್ಮೇಳನದಲ್ಲಿ ನಾನೇ ಇದನ್ನು ಓದಬೇಕಂತೆ. ಮಾರ್ಚಿನಲ್ಲಿ ನನ್ನ ಫೆಲೋಶಿಪ್ ಇನ್ನೊಂದು ವರ್ಷ ಮುಂದುವರಿಯಬೇಕೋ ಬೇಡವೋ ಎಂದು ಸಮಿತಿ ಕೂರುತ್ತದೆ. ಇದು ಕೈಯಲ್ಲಿದ್ದರೆ ಕೇಳುವವರೇ ಇಲ್ಲ.

ಒಂದೇ ಒಗಟು ಉಳಿದಿದೆ. ಟಕ್ ಮುಗಿದ ಮೇಲೆ ನಿಮ್ಮ ತೋರುಬೆರಳಿಗೆ ಮೆಲ್ಲಗೆ ಜೋಡಿ ಜೋಡಿಯಾಗಿ ತಟ್ಟಿದೆವಲ್ಲ? ಆ ಯಂತ್ರ ಅದೇ ವಾರ ಬಂದದ್ದು, ಮೊದಲೇ ಬರೆದು ತಿಳಿಸಲು ಆಗಲಿಲ್ಲ. ಸ್ಪರ್ಶಕ್ಕೂ ಅದೇ ನಿಯಮ: ಬೆಳಿಗ್ಗೆ ಅಂಗಿ ತೊಟ್ಟಾಗ ಮೈಗೆ ತಿಳಿಯುತ್ತದೆ, ಆಮೇಲೆ ಅಂಗಿ ಇದೆಯೆಂಬುದೇ ಮರೆಯುತ್ತದೆ. ಬೆರಳಿನ ಪರೀಕ್ಷೆಯಲ್ಲಿ ನೀವು ಹದಿನಾಲ್ಕೂ ಜನ ಎಲ್ಲರ ಹಾಗೆಯೇ ಇದ್ದೀರಿ. ದಿನವಿಡೀ ಎಳೆ ಮುಟ್ಟುವ ಬೆರಳು ಸಾಮಾನ್ಯವಾಗಿದ್ದು ಕಿವಿ ಮಾತ್ರ ಹೀಗೇಕೆ? ನಿಮಗೇನಾದರೂ ತೋಚಿದರೆ ಬರೆಯಿರಿ.

ಹನ್ನೆರಡನೆಯ ವಯಸ್ಸಿನಲ್ಲಿ, ಎಣಿಕೆ ಬಾರದ ಕೈ ಎಂದು ನೀವು ಮಗ್ಗದಿಂದ ಎಬ್ಬಿಸಿದ ಹುಡುಗಿ ಈಗ ಎಣಿಸಿಯೇ ಹೆಸರು ಮಾಡುತ್ತಿದ್ದಾಳೆ. ಅವ್ವನಿಗೂ ಓದಿ ಹೇಳಿ.

ಪ್ರಿಯಾ

*

ಇಳಕಲ್ಲ
2 ಜನವರಿ 2025

ಚಿ. ಪ್ರಿಯಾ,

ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿದೆ. ಹುಚ್ಚೇಶ ಅಂದಿನಿಂದ ಓಣಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದಾನೆ, ಆ ತಲೆಗೆ ಟೊಪ್ಪಿಗೆ ಸಣ್ಣದಾಗಿತ್ತು ಎಂದು ಕಂಡಕಂಡವರಿಗೆ ಹೇಳುತ್ತಿದ್ದಾನೆ.

ಒಗಟು ಎಂದಿದ್ದೀಯಲ್ಲ, ಅದೇನೂ ದೊಡ್ಡದಲ್ಲ. ಬರುವ ಮೊದಲು ನಾನು ಎಲ್ಲರನ್ನೂ ಮನೆಗೆ ಕರೆದು ತಾಕೀತು ಮಾಡಿದ್ದೆ: "ಸುಮ್ಮನ ಕುಂದ್ರಿ ಅಂದಾರಂತ ನಿದ್ದಿ ಹೊಡೀಬ್ಯಾಡ್ರಿ. ನನ್ನ ಮಗಳ ಪರೀಕ್ಷಾ ಐತಿ. ಒಂದೊಂದ್ ಟಕ್ಕೂ ಎಣಸ್ರಿ. ಎರಡನೇದು ಬಂದ ಮ್ಯಾಲನ ಜೋಡಿ ಅನ್ರಿ, ಅಲ್ಲೀತನ ಬಿಡಬ್ಯಾಡ್ರಿ." ಲಾಳಿ ಅತ್ತ ಹೋಗಿ ಇತ್ತ ಬಂದರೆ ತಾನೇ ಒಂದು ಲೆಕ್ಕ? ಹಾಗೇ ಎಣಿಸಿದೆವು. ಯಾರೂ ಒಂದನ್ನೂ ಬಿಡಲಿಲ್ಲ. ಬೆರಳಿನ ವಿಷಯ ನೀನು ತಿಳಿಸಿರಲಿಲ್ಲ, ಅದನ್ನು ಎಣಿಸಬೇಕೋ ಬಾರದೋ ಗೊತ್ತಾಗದೆ ಸುಮ್ಮನೆ ಕೂತೆವು. ಅಷ್ಟು ಹೊತ್ತಿಗೆ ಹಸಿವೂ ಆಗಿತ್ತು.

ಇನ್ನೊಂದು ಮಾತು, ನಿನ್ನ ಮೇಡಂ ಅವರಿಗೂ ಹೇಳು. ನೂರಾ ಇಪ್ಪತ್ತು ಜೋಡಿ ಎಂದು ನೀನು ಬರೆದಿದ್ದೆ. ಬಂದದ್ದು ನೂರಾ ಹತ್ತೊಂಬತ್ತು. ಹದಿಮೂರು ಜನರ ಲೆಕ್ಕ ಒಂದೇ ಇದೆ. ಹುಚ್ಚೇಶ ಮಾತ್ರ ನೂರಾ ಹದಿನೆಂಟು ಎಂದ, ಆದರೆ ಅವನಿಗೆ ನಡುವೆ ಸೀನು ಬಂದಿತ್ತು. ನಿಮ್ಮ ಮಷೀನು ಒಂದು ಜೋಡಿಯನ್ನು ನುಂಗುತ್ತದೆ, ನೋಡಿಕೊಳ್ಳಿ.

ಹೈದರಾಬಾದಿಗೆ ಹೋಗುವಾಗ ಉಡಲು ಅಂಚಿಗೆ ಗೋಮಿ ದಡಿಯಿರುವ ಸೀರೆಯೊಂದನ್ನು ಮಗ್ಗಕ್ಕೇರಿಸಿದ್ದೇನೆ.

ಅಪ್ಪ

*

ವಿದ್ಯಾಗಿರಿ
8 ಜನವರಿ 2025

ಅಪ್ಪಾ,

ಎಣಿಸಿದರೆ ಗಮನವೆಲ್ಲ ಎರಡನೆಯ ಟಕ್ಕಿನ ಮೇಲೆ ಕೂರುತ್ತದೆ. ಗಮನ ಕೂತರೆ ಅಲೆ ಇಳಿಯುವುದಿಲ್ಲ. ನಾನು ಅಳೆದದ್ದು ಮೂವತ್ತು ವರ್ಷದ ಮಗ್ಗವನ್ನಲ್ಲ, ನಿಮ್ಮ ತಾಕೀತನ್ನು.

ಸೀರೆ ಇಳಿಸಿಬಿಡಿ.

ಪ್ರಿಯಾ

*

ಇಳಕಲ್ಲ
15 ಜನವರಿ 2025

ಪ್ರಿಯವ್ವ,

ನಾ ಅವ್ವ. ಬರದ್ ಭಾಳ ದಿನ ಆತು, ಅಕ್ಷರ ಡೊಂಕ ಇದ್ರ ನಗಬ್ಯಾಡ.

ನಿನ್ನ ಮೂರ ಸಾಲಿನ ಕಾಗದ ಬಂದಾಗಿಂದ ನಿಮ್ಮಪ್ಪ ಮಗ್ಗದ ಕುಣಿಗೆ ಇಳದಿಲ್ಲ. ಸಂಕ್ರಾಂತಿ ಮಾದ್ಲಿ ಮಾಡಿದ್ರ ಬಾಯಿಗೆ ಹಾಕ್ಕೊಳ್ಳಿಲ್ಲ. "ನನ್ನ ಮಗಳ ಬಾಯಾಗ ಮಣ್ಣ ಹಾಕಿದ್ನಲ್ಲ" ಅಂತಾರ. ನಾ ಅಂದೆ, "ಆಕಿ ಎಣಸಬ್ಯಾಡ್ರಿ ಅಂತ ಬರದಿದ್ದಿಲ್ಲಲ್ಲ, ಆಕೀದೂ ತಪ್ಪ ಐತಿ." ಅದಕ್ಕ ನನ್ನ ಮ್ಯಾಲೇ ಹಾರಿ ಬಂದ್ರು.

ಯಾರೂ ನೋಡಿಲ್ಲ, ನೀ ಹೈದ್ರಾಬಾದದಾಗ ಸುಮ್ಮನ ಓದಿ ಬಂದ್ರ ಯಾರಿಗೆ ತಿಳಿತೈತಿ ಅಂತ ಹುಚ್ಚೇಶ ಅಂದ. ನಿಮ್ಮಪ್ಪ ಅವನ್ನ ಕಟ್ಟಿಯಿಂದ ಎಬ್ಬಿಸಿ ಕಳಿಸಿದ್ರು. ಆದ್ರೂ ನೀ ಏನ ಮಾಡ್ತಿ ಅಂತ ದಾರಿ ಕಾಯಾಕತ್ತಾರ. ಬಾಯಿಬಿಟ್ಟು ಕೇಳೂದಿಲ್ಲ. ಬಿಸಲಾಗ ಪೋಸ್ಟಮನ್ ಬರೂತನ ಬಾಗಲದಾಗ ನಿಂತಿರ್ತಾರ. ಲಗೂನ ಬರಿ.

ನಿಮ್ಮವ್ವ, ಸಂಗವ್ವ

*

ವಿದ್ಯಾಗಿರಿ
29 ಜನವರಿ 2025

ಅಪ್ಪಾ, ಮೊದಲು ಊಟ ಮಾಡಿ, ಆಮೇಲೆ ಓದಿ.

ಹುಚ್ಚೇಶ ಕಾಕಾ ಹೇಳಿದ ಮಾತನ್ನೇ ನಮ್ಮ ಟೆಕ್ನಿಷಿಯನ್ ವಿಜಯಮಹಾಂತೇಶನೂ ಹೇಳಿದ: "ಬಿಡ್ರಿ ಮೇಡಂ, ನಿಮ್ಮಪ್ಪಗ, ನಿಮಗ ಬಿಟ್ರ ಯಾರಿಗೆ ಗೊತ್ತೈತಿ?" ಸುಳ್ಳೇಕೆ ಹೇಳಲಿ, ನಾಲ್ಕು ದಿನ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ನಿಮ್ಮ ಕಾಗದವನ್ನು ಪುಸ್ತಕದ ನಡುವೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಐದನೆಯ ದಿನ ಅದನ್ನು ಹಾಗೇ ತೆಗೆದುಕೊಂಡು ಹೋಗಿ ಶೈಲಾ ಮೇಡಂ ಅವರ ಮೇಜಿನ ಮೇಲೆ ಇಟ್ಟೆ.

ಅವರು ಎರಡು ಸಲ ಓದಿದರು. ಹೈದರಾಬಾದಿಗೆ ಫೋನ್ ಮಾಡಿ ನಮ್ಮ ಹೆಸರು ತೆಗೆಸಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತಪ್ಪು ನನ್ನದೇ. ಸುಮ್ಮನೆ ಕುಳಿತರೆ ಸಾಕು ಎಂದು ನೇಕಾರನಿಗೆ ಬರೆದೆನಲ್ಲ, ನೇಕಾರ ಯಾವತ್ತಾದರೂ ಸುಮ್ಮನೆ ಕುಳಿತದ್ದುಂಟೇ? ಅದು ನನಗೆ ತಿಳಿಯದೆ ಮತ್ತಾರಿಗೆ ತಿಳಿಯಬೇಕಿತ್ತು?

ಮೂರನೆಯ ದಿನ ಮೇಡಂ ಕರೆದು, "ಈ ನೂರಾ ಹತ್ತೊಂಬತ್ತು ಏನಿದು?" ಎಂದರು. ವಿಜಯಮಹಾಂತೇಶ, "ಪರದೆ ಮ್ಯಾಲ ನೂರಾ ಇಪ್ಪತ್ತು ತೋರಸ್ತೈತ್ರಿ, ಮುದುಕರು ಎಣಿಸೂದ್ರಾಗ ತಪ್ಪ್ಯಾರ" ಎಂದ. ಮೂವರೂ ಹೆಡ್‌ಫೋನ್ ಹಾಕಿಕೊಂಡು ಕೂತು ಎಣಿಸಿದೆವು. ನೂರಾ ಹತ್ತೊಂಬತ್ತು! ಯಂತ್ರದ ಸದ್ದಿನ ಭಾಗ ಎಚ್ಚರಗೊಳ್ಳಲು ಒಂದು ಕ್ಷಣ ಬೇಕು, ಅಷ್ಟರಲ್ಲಿ ಮೊದಲ ಜೋಡಿ ಮೂಕವಾಗಿ ಹೋಗಿಬಿಡುತ್ತದೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಮೇಡಂ ತಲೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು. "ಎರಡು ವರ್ಷದಾಗ ನಾವು ಒಬ್ಬರರ ಎಣಿಸಿದ್ವೇನ? ನಿಮ್ಮ ತಂದಿಯವರಿಗೆ ನಮಸ್ಕಾರ ಹೇಳು" ಎಂದರು.

ಶಿರೂರಿಗೂ ಮತ್ತೆ ಹೇಳಿಕಳಿಸಿದ್ದೇವೆ. ನಿಮ್ಮವರೂ ಇನ್ನೊಮ್ಮೆ ಬರುತ್ತಾರಾ? ಈ ಸಲ ಎಣಿಸಬಾರದು. ಗಮನ ಬೇರೆಡೆ ಇರಲೆಂದು ಎದುರಿಗೆ ಸದ್ದಿಲ್ಲದ ಸಿನಿಮಾ ಹಾಕುತ್ತೇವೆ. ಸಮಿತಿ ಮಾರ್ಚ್ ಹದಿನೈದಕ್ಕೆ ಕೂರುತ್ತದೆ, ಅಷ್ಟರೊಳಗೆ ಆಗದಿದ್ದರೆ ನನ್ನ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಆಗುತ್ತದೆ ಎಂಬ ಧೈರ್ಯ ನನಗಿದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಈ ವಿಷಯಕ್ಕಂತೂ ಇಲ್ಲ.

ಪ್ರಿಯಾ

*

ಇಳಕಲ್ಲ
12 ಫೆಬ್ರವರಿ 2025

ಚಿ. ಪ್ರಿಯಾ,

ಬರುತ್ತಾರೆ. ಬಾರದೆ ಏನು! ಮಷೀನಿನ ತಪ್ಪು ಹಿಡಿದವರು ನಾವು. ಹುಚ್ಚೇಶನಂತೂ ತನ್ನ ಸೀನನ್ನು ಸೇರಿಸಿ ಲೆಕ್ಕ ಸರಿಮಾಡಿಕೊಂಡಿದ್ದಾನೆ.

ಆದರೆ ಎಣಿಸದೆ ಇರುವುದನ್ನು ಕಲಿಸುವುದು ನಾಯಿಯ ಬಾಲ ನೆಟ್ಟಗೆ ಮಾಡಿದ ಹಾಗೆ. ವಾರದಿಂದ ಅಂಗಳದಲ್ಲಿ ಶಾಲೆ ನಡೆಸಿದ್ದೇನೆ. ನೂಲು ಸುತ್ತುವ ಎರಡು ಖಾಲಿ ಕಂಡಿಕೆ ಹಿಡಿದು ನಾನು ಟಕ್ ಟಕ್ ಬಡಿಯುವುದು, ಉಳಿದವರು ಎಣಿಸದೆ ಕೂರುವುದು. "ಎಣಸಬ್ಯಾಡ್ರಿ ಅಂದ್ರ ಇನ್ನಾ ಜೋರ ಎಣಿಕಿ ಬರ್ತೈತಲ್ರಿ ಅಣ್ಣಾರ" ಎಂದು ಶೇಖವ್ವ ಎದ್ದು ಹೋದಳು. ಹುಚ್ಚೇಶ ಕಣ್ಣು ಮುಚ್ಚಿ ಕೂತಿದ್ದ, ಪರವಾಗಿಲ್ಲ ಅಂದುಕೊಂಡೆ. ಕೊನೆಗೆ ಎದೆಯುಬ್ಬಿಸಿ, "ನಲವತ್ತಾರು ಸಲ ಎಣಿಸಲಿಲ್ಲ ನೋಡಲೇ" ಎಂದ.

ನಿನ್ನ ಸಿನಿಮಾವೂ ಕೆಲಸಕ್ಕೆ ಬರುವುದಿಲ್ಲ. ನಾಯಕಿ ಸೀರೆಯುಟ್ಟು ಬಂದರೆ ಶೇಖವ್ವ ದಡಿಯ ಎಳೆ ಎಣಿಸುತ್ತಾಳೆ. ಹೊಲ ತೋರಿಸಿದರೆ ಜಾಫರಸಾಬ ಸಾಲು ಎಣಿಸುತ್ತಾನೆ. ಬಹಳ ವಿಚಾರ ಮಾಡಿ ಒಂದು ಉಪಾಯ ಕಂಡುಕೊಂಡಿದ್ದೇನೆ. ಹೋದ ವಾರ ಕೂಡಲಸಂಗಮಕ್ಕೆ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತು ನೀರು ನೋಡಿದೆ. ಎಷ್ಟು ಹೊತ್ತು ಕೂತೆ ಎಂದು ನನಗೇ ತಿಳಿಯಲಿಲ್ಲ. ಹರಿಯುವ ನೀರನ್ನು ಯಾವ ನೇಕಾರನೂ ಎಣಿಸಲಾರ. ಸಿನಿಮಾದ ಬದಲು ಹೊಳೆ ಹಾಕು.

ನನ್ನ ಹೆಸರು ಪಟ್ಟಿಯಿಂದ ತೆಗೆ, ಬದಲಿಗೆ ಅಶ್ಫಾಕನ ತಂದೆ ಬರುತ್ತಾನೆ, ಮೊದಲು ಅವನೂ ಕೈಮಗ್ಗದವನೇ. ನಾನು ಹೊಳೆ ನೋಡುತ್ತಲೂ ಟಕ್ ಎಣಿಸುತ್ತೇನೆ, ಸುಳ್ಳು ಹೇಳಲಾರೆ.

ಸೀರೆ ಇಳಿಸಿಲ್ಲ. ಹೈದರಾಬಾದು ತಪ್ಪಿದರೆ ಉಡಲು ಬೇರೆ ಊರಿಲ್ಲವೇ?

ಅಪ್ಪ

*

ವಿದ್ಯಾಗಿರಿ
20 ಮಾರ್ಚ್ 2025

ಅಪ್ಪಾ, ಶರಣು.

ಫೆಲೋಶಿಪ್ ಮುಂದುವರಿಯಿತು! ಫೋನಿನಲ್ಲಿ ಅವ್ವನಿಗೆ ಕೂಗಿ ಹೇಳಿದೆ. ಗದ್ದಲದಲ್ಲಿ ಅರ್ಧ ಕೇಳಿತೋ ಏನೋ, ಅದಕ್ಕೆ ಪೂರ್ತಿ ಬರೆಯುತ್ತೇನೆ.

ನಿಮ್ಮ ಹೊಳೆ ಗೆದ್ದಿತು. ಎರಡನೆಯ ಟಕ್ಕಿನ ಅಲೆ ಹದಿನಾಲ್ಕು ಜನರಲ್ಲೂ ಇಳಿಯಿತು, ಶಿರೂರಿನವರಲ್ಲಿ ಇಳಿದಷ್ಟೇ. ಅಂದರೆ ನೇಕಾರರ ಮಿದುಳೂ ಎಲ್ಲರಂತೆಯೇ ಜರಡಿ ಹಿಡಿಯುತ್ತದೆ. ನನ್ನ ಚಂದದ ವಾದ ಬಿದ್ದುಹೋಯಿತು. ನಿಮಗೆ ಬೇಸರವಾಗಬಹುದು, ಆದರೆ ಮುಂದಿನದು ಕೇಳಿ. ಬೇಕೆಂದಾಗ ಆ ಜರಡಿಯನ್ನು ತೆರೆದಿಡಬಲ್ಲಿರಿ ಎಂದು ಡಿಸೆಂಬರಿನ ಆ ಕೆಟ್ಟ ಅಳತೆ ಹೇಳುತ್ತಿದೆಯಲ್ಲ? ಅದು ಎಲ್ಲರಿಗೂ ಸಾಧ್ಯವೋ, ಎಣಿಸಿ ಪಳಗಿದವರಿಗೆ ಮಾತ್ರವೋ? ಮುಂದಿನ ವರ್ಷ ರೈತರಿಂದಲೂ ಎಣಿಸಿ ನೋಡುತ್ತೇವೆ. ಸಮಿತಿಯ ಮುಂದೆ ನನ್ನ ತಪ್ಪನ್ನೇ ಮೊದಲು ಹೇಳಿ, ಆಮೇಲೆ ಈ ಪ್ರಶ್ನೆ ಇಟ್ಟೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಆ ನೇಕಾರರನ್ನು ನೋಡಬೇಕು ಎಂದರು.

ಹುಚ್ಚೇಶ ಕಾಕಾ ಹೊಳೆ ನೋಡುತ್ತ ನಿದ್ದೆಹೋದರು, ಅವರದನ್ನು ಎರಡು ಸಲ ಮಾಡಬೇಕಾಯಿತು. ಪ್ರತಿ ಸರದಿಗೆ ಮೊದಲು ನೀವು ಸರಿಪಡಿಸಿದ ಯಂತ್ರದ ಹೆಡ್‌ಫೋನ್ ಹಾಕಿ ಎಣಿಸಿ, "ನೂರಾ ಇಪ್ಪತ್ತು, ನಡೀಲಿ" ಎಂದಿರಲ್ಲ, ವಿಜಯಮಹಾಂತೇಶ ಈಗಲೂ ಅದನ್ನೇ ಅಣಕಿಸುತ್ತಾನೆ. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಎಂಬ ಜಾಗವಿದೆ. ಅಲ್ಲಿ 'ಶ್ರೀ ಅಂದಾನಪ್ಪ, ನೇಕಾರರು, ಇಳಕಲ್ಲ' ಎಂದು ಹಾಕಲು ಮೇಡಂ ಹೇಳಿದ್ದಾರೆ. ಒಪ್ಪಿಗೆ ಕೊಡಿ.

ಈ ಮೂರು ತಿಂಗಳಲ್ಲಿ ನಾನು ಕಲಿತದ್ದು ಒಂದೇ. ಲೆಕ್ಕದಲ್ಲಿ ಒಂದು ಕಡಿಮೆ ಬಿದ್ದರೆ ಎಣಿಸಿದವರನ್ನೇ ಅನ್ನಬಾರದು, ಮೊದಲು ಯಂತ್ರವನ್ನು ನೋಡಬೇಕು.

ಪ್ರಿಯಾ

*

ಇಳಕಲ್ಲ
5 ಏಪ್ರಿಲ್ 2025

ಪ್ರಿಯಾ,

ನಿನ್ನ ಕಾಗದದ ಕೊನೆಯ ಸಾಲನ್ನು ನಿನ್ನ ಅವ್ವನಿಗೆ ಓದಲಿಲ್ಲ. ಹತ್ತು ಹನ್ನೆರಡು ದಿನದಿಂದ ಒಬ್ಬನೇ ಓದುತ್ತಿದ್ದೇನೆ.

ನೀನು ಹನ್ನೆರಡು ವರ್ಷದವಳು. ಹಸಿರು ಸೀರೆ. ಒಡಲಿನ ಹಾಸಿನ ಒಂದೊಂದು ಉದ್ದದ ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಸಿಕ್ಕಿಸಿ ಕೊಂಡಿ ಹಾಕಲು ನಿನ್ನನ್ನು ಕೂರಿಸಿದ್ದೆ. ಸಂಜೆಯ ಹೊತ್ತಿಗೆ ಒಡಲಿನದು ಒಂದು ಎಳೆ ಜೊತೆಯಿಲ್ಲದೆ ಉಳಿಯಿತು. ಹುಚ್ಚೇಶ ಎದುರಿಗೇ ಕೂತಿದ್ದ. "ಎಣಿಕಿ ಬರದ ಕೈ ಮಗ್ಗಕ್ಕ ಬ್ಯಾಡ, ಏಳ" ಎಂದೆ. ನೀನು ಎದ್ದೆ. ಆಮೇಲೆ ಒಂದು ದಿನವೂ ಕೂರಲಿಲ್ಲ.

ಮೂರು ದಿನದ ಮೇಲೆ ನಾನೇ ಬಿಚ್ಚಿ ಎಣಿಸಿದೆ. ನೀನು ಎಲ್ಲಿಯೂ ತಪ್ಪಿರಲಿಲ್ಲ. ಸೆರಗಿನ ಹಾಸಿನಲ್ಲೇ ಒಂದು ಎಳೆ ಕಡಿಮೆಯಿತ್ತು. ಆ ಹಾಸು ಹಾಕಿದವನು ನಾನು. ಒಂದು ಎಳೆ ಸೇರಿಸಿ ನೇಯ್ದು ಕೊಟ್ಟೆ. ಸೀರೆ ಸರಿಹೋಯಿತು. ನಿನಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನೀನು ಶಾಲೆಯಲ್ಲಿ ಮೊದಲನೆಯವಳಾದೆ. ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹದಿನಾಲ್ಕು ವರ್ಷವಾಯಿತು. ದೀಪಾವಳಿಗೆ ನಾವು ಜಗಳವಾಡಿದ್ದು ಬೇರೆ ಯಾವುದಕ್ಕೂ ಅಲ್ಲ, ಅದಕ್ಕೇ. ನಿನ್ನ ಮುಖ ನೋಡಿದರೆ ನನಗೆ ಅದು ನೆನಪಾಗುತ್ತದೆ, ನೆನಪಾದರೆ ಸಿಟ್ಟು ಬರುತ್ತದೆ, ಬಂದ ಸಿಟ್ಟು ನಿನ್ನ ಮೇಲೆ ಹೋಗುತ್ತದೆ.

ನೀನು ನಾಲ್ಕು ದಿನ ಒದ್ದಾಡಿ ಐದನೆಯ ದಿನ ಮೇಡಂ ಮುಂದೆ ತಪ್ಪು ಇಟ್ಟೆ. ನನಗೆ ಇಷ್ಟು ವರ್ಷ ಬೇಕಾಯಿತು. ತಪ್ಪು ನನ್ನದು, ಪ್ರಿಯಾ. ಹುಚ್ಚೇಶನ ಮುಂದೆ ಬೈದಿದ್ದೆ, ಆದ್ದರಿಂದ ಇವತ್ತು ಮುಂಜಾನೆ ಹುಚ್ಚೇಶನನ್ನು ಕರೆದು ಕೂರಿಸಿ ಅವನ ಮುಂದೆಯೇ ಇಲ್ಲಿಯವರೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ನಿನ್ನ ಅವ್ವ ಒಳಗೆ ಹೋಗಿ ಅತ್ತಳು.

ಗೋಮಿ ದಡಿಯ ಸೀರೆಯ ಒಡಲು ಮುಗಿದಿದೆ. ಸೆರಗಿನ ಹಾಸು ಹಾಕಿ ಇಟ್ಟಿದ್ದೇನೆ. ಕೊಂಡಿ ಹಾಕಿಲ್ಲ, ಹಾಕುವುದೂ ಇಲ್ಲ. ಮಗ್ಗದ ಮುಂದಿನ ಜಾಗ ಖಾಲಿ ಇದೆ. ನೀನು ಬಂದು ಕೂರುವ ಮೊದಲು ನನ್ನ ಹಾಸನ್ನು ಎಣಿಸಿ ನೋಡು.

ಅಪ್ಪ

*

ವಿದ್ಯಾಗಿರಿ
9 ಏಪ್ರಿಲ್ 2025

ಅಪ್ಪಾ,

ಅಂದು ಮಗ್ಗದಿಂದ ಏಳುವ ಮೊದಲೇ ನಾನು ಸೆರಗಿನ ಎಳೆ ಎಣಿಸಿದ್ದೆ. ಎರಡು ಸಲ. ಒಂದು ಕಡಿಮೆಯಿತ್ತು. ನೀವೇ ಹೇಳುತ್ತೀರೆಂದು ಕಾಯುತ್ತಿದ್ದೆ.

ಸಿಟ್ಟು ಬಹಳ ಇತ್ತು. ನಿಮ್ಮ ಕಾಗದ ಓದಿದೊಡನೆ ಎಲ್ಲ ಹೋಯಿತು ಎಂದರೆ ಸುಳ್ಳಾದೀತು. ಅರ್ಧ ಹೋಗಿದೆ. ಉಳಿದರ್ಧ ತೆಗೆದುಕೊಂಡು ಶನಿವಾರ ಮಧ್ಯಾಹ್ನ ಹುನಗುಂದದ ಮೇಲೆ ಬರುವ ಬಸ್ಸಿಗೆ ಬರುತ್ತೇನೆ. ಜಗಳವಾದರೆ ಆಗಲಿ, ಅವ್ವನಿಗೆ ನಾನು ಹೇಳಿಕೊಳ್ಳುತ್ತೇನೆ.

ಕೊಂಡಿ ಮುಟ್ಟಬೇಡಿ.

ಪ್ರಿಯಾ